ಮಲಿದಾ ಮಾಡಿದ ಭಾನುವಾರ

ಲಾಸ್ ಏಂಜಲಿಸ್ ಹತ್ತಿರದ ರೆಡೊಂಡೊ ಬೀಚಿನ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಗೋಡೆಗೆ ಒಂದು ಮೊಳೆಯೂ ಇರಲಿಲ್ಲ. ಕ್ಯಾಲೆಂಡರ್ ಇಲ್ಲ, ದೇವರ ಪಟ ಇಲ್ಲ, ಸತ್ತುಹೋದ ಅಜ್ಜನ ಫೋಟೊ ಇಲ್ಲ. ಬಂದವರು ಸುತ್ತ ಕಣ್ಣಾಡಿಸಿ, ಎಷ್ಟು ನೀಟಾಗಿ ಇಟ್ಟುಕೊಂಡಿದ್ದೀರಿ ಎಂದು ಹೊಗಳುತ್ತಿದ್ದರು. ಅಪ್ಪ ಆ ಹೊಗಳಿಕೆಯನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಿದ್ದ. ಮಲಗುವ ಕೋಣೆಯ ಕ್ಲಾಸೆಟ್ಟಿನಲ್ಲಿ, ಸೂಟ್‌ಕೇಸುಗಳ ಹಿಂದೆ, ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ಹೀಬ್ರೂ ಪ್ರಾರ್ಥನೆಯ ಪುಸ್ತಕ, ಶುಕ್ರವಾರ ಸಂಜೆ ಹಚ್ಚುವ ಜೋಡಿ ಹಿತ್ತಾಳೆ ದೀಪ, ಅಜ್ಜನ ಪ್ರಾರ್ಥನೆಯ ಟೋಪಿ ಇದ್ದವು. ನಾವು ಯಹೂದಿಗಳು. ಒಂದು ಕಾಲಕ್ಕೆ ಕೊಂಕಣದ ಕರಾವಳಿಯಲ್ಲಿ ಗಾಣ ಹಾಕಿಕೊಂಡು ಎಣ್ಣೆ ಮಾರುತ್ತಿದ್ದು, ಇಂಗ್ಲಿಷರ ಆಳ್ವಿಕೆಯಲ್ಲಿ ರೈಲ್ವೆ ನೌಕರಿ ಹಿಡಿದು ಹುಬ್ಬಳ್ಳಿಗೆ ಬಂದ ಬೆನೆ ಇಸ್ರೇಲ್ ಜನ. ಮನೆಯ ಹಿರಿಯರಾಡುತ್ತಿದ್ದ ಮರಾಠಿ ಮಾತು ಅಜ್ಜಿಯ ಕಾಲಕ್ಕೇ ಸವೆದು ಹುಬ್ಬಳ್ಳಿಯ ಕನ್ನಡವೇ ನಮ್ಮದಾಗಿತ್ತು. ಅಡ್ಡಹೆಸರು ಮಾತ್ರ ‘ಕರ್’ ಎಂದು ಮುಗಿಯುತ್ತಿದ್ದರಿಂದ ಕೇಳಿದವರು ನಮ್ಮನ್ನು ಕೊಂಕಣಿಗಳೋ ಮರಾಠರೋ ಅಂದುಕೊಳ್ಳುತ್ತಿದ್ದರು. ಅಪ್ಪ ತಿದ್ದುತ್ತಿರಲಿಲ್ಲ. ಅವನ ಹೆಸರು ಸ್ಯಾಮ್ಸನ್. ಇಲ್ಲಿನ ಕನ್ನಡದವರ ನಡುವೆ ಶ್ಯಾಮ್. ನಾನು ರೂತ್, ಅವರಿಗೆ ಋತು. ಎಷ್ಟು ಚೆಂದದ ಹೆಸರು ಎಂದು ಆಂಟಿಯರು ಕೆನ್ನೆ ಸವರಿದಾಗ ನಾನು ಹಲ್ಲು ಕಿರಿದು ನಿಲ್ಲುತ್ತಿದ್ದೆ, ಮನೆಗೆ ಬಂದು ಮುಖ ತೊಳೆಯುತ್ತಿದ್ದೆ.

ಅಪ್ಪ ಹುಟ್ಟಿನಿಂದ ಪುಕ್ಕಲನೇನಲ್ಲ. ಹುಬ್ಬಳ್ಳಿಯಲ್ಲಿ ನಮ್ಮದು ಯಾವ ಜಾತಿ ಎಂದು ಓಣಿಗೆಲ್ಲ ಗೊತ್ತಿತ್ತು, ಯಾರೂ ಮೂಗು ಮುರಿದವರಿಲ್ಲ. ನಾನು ಅಲ್ಲಿ ನಾಲ್ಕನೇ ತರಗತಿ ಮುಗಿಸಿದ ಮೇಲೆ ನಾವು ಅಮೆರಿಕಕ್ಕೆ ಬಂದೆವು, ಮೊದಲು ಸ್ಯಾನ್ ಡಿಯಾಗೊದ ಯೂನಿವರ್ಸಿಟಿ ಸಿಟಿಯಲ್ಲಿದ್ದೆವು. ಕಾರಿನಲ್ಲಿ ಹೋಗುವಷ್ಟು ಹತ್ತಿರದಲ್ಲೇ ಯಹೂದಿಗಳ ಪ್ರಾರ್ಥನಾ ಮಂದಿರವಿದೆ ಎಂದು ತಿಳಿದಾಗ ಅಪ್ಪನಿಗೆ ಹಬ್ಬ. ಹುಬ್ಬಳ್ಳಿಯಲ್ಲಿ ಅಂಥದ್ದು ಇರಲಿಲ್ಲವಲ್ಲ. ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ, ಅಜ್ಜನ ಟೋಪಿ ಹಾಕಿಕೊಂಡು ನಮ್ಮನ್ನೆಲ್ಲ ಹೊರಡಿಸಿದ. ಗೇಟಿನಲ್ಲಿ ಬಂದೂಕು ಹಿಡಿದ ಕಾವಲುಗಾರ ಇದ್ದ. ಪ್ರಾರ್ಥನೆಗೆ ಕೂತವರ ಮೇಲೆ ಗುಂಡು ಹಾರಿಸುವವರು ಇರುವ ದೇಶ, ಮಂದಿರದವರ ಹೆದರಿಕೆ ಸುಳ್ಳಲ್ಲ. ನಮ್ಮ ಮುಂದಿದ್ದ ಬಿಳಿಯ ಕುಟುಂಬ ನಕ್ಕು ಒಳಗೆ ಹೋಯಿತು. ನಮ್ಮನ್ನು ಬದಿಗೆ ನಿಲ್ಲಿಸಿದರು. ಅಮ್ಮನ ಬ್ಯಾಗು ಬಿಚ್ಚಿಸಿದರು. ನೀನು ಯಹೂದಿ ಹೌದಾದರೆ ಒಂದು ಪ್ರಾರ್ಥನೆ ಹೇಳು ಎಂದು ಅಪ್ಪನನ್ನು ಕೇಳಿದರು. ಅಪ್ಪ ಫುಟ್‌ಪಾತಿನ ಮೇಲೆ ನಿಂತು, ಶಾಲೆಯ ಹುಡುಗನ ಹಾಗೆ ಕೈ ಕಟ್ಟಿಕೊಂಡು, ಹುಬ್ಬಳ್ಳಿಯ ರಾಗದಲ್ಲಿ ಹೀಬ್ರೂ ಹೇಳಿ ಪಾಸಾದ. ಒಳಗೆ ಒಬ್ಬ ಮುದುಕಿ ಅಮ್ಮನ ಕೈ ಹಿಡಿದು, ತುಂಬ ಪ್ರೀತಿಯಿಂದ, ನೀವು ಯಾವಾಗ ನಮ್ಮ ಧರ್ಮಕ್ಕೆ ಸೇರಿದಿರಿ ಎಂದು ವಿಚಾರಿಸಿದಳು. ವಾಪಸು ಬರುವಾಗ ಫ್ರೀವೇಯಲ್ಲಿ ಅಪ್ಪ ಟೋಪಿ ತೆಗೆದು ಗ್ಲೋವ್ ಬಾಕ್ಸಿಗೆ ಹಾಕಿದ. ಮತ್ತೆಂದೂ ನಾವು ಅಲ್ಲಿಗೆ ಹೋಗಲಿಲ್ಲ.

ಈಗ ಓದಲಿಕ್ಕೆಂದು ನಾನು ಅದೇ ಯೂನಿವರ್ಸಿಟಿ ಸಿಟಿಗೆ ಬಂದಿದ್ದೇನೆ. ಕ್ಯಾಂಪಸ್ಸಿನಲ್ಲಿ ಯಹೂದಿಗಳ ಮೇಲೆ ಏನಾದರೂ ಕೂಗಾಟ ಎದ್ದಾಗ, ನೀನು ಯಾರ ಕಡೆ ಎಂದು ಯಾರಾದರೂ ಕೇಳಿದರೆ, ನಾನು ಇಂಡಿಯನ್ ಎಂದು ಹೇಳಿ ಮುಂದೆ ನಡೆಯುತ್ತೇನೆ. ಯಾರಿಂದ ಕಲಿತೆ ಎಂದು ಬೇರೆ ಹೇಳಬೇಕಾಗಿಲ್ಲ.

ಎಲ್ ಸೆಗುಂಡೋ ಊರಿನಲ್ಲಿ ಕೆಲಸ ಸಿಕ್ಕಿ, ಸ್ಯಾನ್ ಡಿಯಾಗೊ ಬಿಟ್ಟು ರೆಡೊಂಡೊ ಬೀಚಿಗೆ ಬಂದ ಮೇಲೆ ಅಪ್ಪ ಬರೀ ಕನ್ನಡಿಗನಾದ. ಸುತ್ತಮುತ್ತ ಬೆಂಗಳೂರಿನ ಎಂಜಿನಿಯರುಗಳು ಬೇಕಾದಷ್ಟಿದ್ದರು. ಅವರಲ್ಲಿ ಪ್ರಸನ್ನ ಅಂಕಲ್, ವಸುಧಾ ಆಂಟಿ ನಮಗೆ ಎಲ್ಲರಿಗಿಂತ ಹತ್ತಿರ. ಅಂಕಲ್ ಅಪ್ಪನಿಗೆ ಮನೆ ಹುಡುಕಿಕೊಟ್ಟವರು, ನನಗೆ ಸೈಕಲ್ ಹೊಡೆಯಲು ಕಲಿಸಿದವರು. ಚಿನ್ನದಂಥ ಮನುಷ್ಯ. ಆ ಚಿನ್ನದಂಥ ಮನುಷ್ಯನೇ ಲಾಕ್‌ಡೌನಿನ ಸುರುವಿನಲ್ಲಿ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಹಾಕಿದರು. ಲೋಕದ ಬ್ಯಾಂಕುಗಳು, ಔಷಧಿ ಕಂಪನಿಗಳು, ಈ ರೋಗ, ಎಲ್ಲ ಯಹೂದಿಗಳ ಕೈಯಲ್ಲಿದೆಯಂತೆ. ಎಲ್ಲರೂ ನೋಡಲೇಬೇಕು ಎಂದು ಕೆಳಗೆ ಬರೆದಿದ್ದರು. ಅಪ್ಪನ ಫೋನು ನನ್ನ ಕೈಯಲ್ಲಿತ್ತು. ಒಬ್ಬೊಬ್ಬರೇ ಹೆಬ್ಬೆರಳು ಎತ್ತುತ್ತಿದ್ದರು. ಅಪ್ಪ ಫೋನು ಕಸಿದುಕೊಂಡು, ಸ್ವಲ್ಪ ಹೊತ್ತು ನೋಡಿ, ತಾನೂ ಒಂದು ಕೈ ಮುಗಿಯುವ ಚಿತ್ರ ಹಾಕಿದ. ಏನೂ ಹಾಕದಿದ್ದರೆ ಯಾಕೆ ಹಾಕಲಿಲ್ಲ ಅಂತಾರೆ ಎಂದು ನನಗೆ ವಿವರಿಸಿದ. ನಾನು ಕೇಳಿರಲಿಲ್ಲ. ಅಂದು ಊಟಕ್ಕೆ ಕೂತಾಗ ಅವನ ಮುಖ ನೋಡಲು ನನಗೆ ಹೇಸಿಗೆಯಾಯಿತು, ಹೇಸಿಗೆಯಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು.

ಈ ಮನೆಗೆ ಅಜ್ಜಿ ಬಂದಳು. ಅಪ್ಪನ ಅವ್ವ, ಎಂಬತ್ತು ದಾಟಿದವಳು, ವಿಮಾನಗಳು ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಹುಬ್ಬಳ್ಳಿಯಿಂದ ಬಂದಿಳಿದು ಇಲ್ಲೇ ಸಿಕ್ಕಿಹಾಕಿಕೊಂಡಳು. ಯಾರೂ ಯಾರ ಮನೆಗೂ ಹೋಗದ ಕಾಲ. ಹಾಗಾಗಿ ಕನ್ನಡದವರು ಯಾರೂ ಅವಳನ್ನು ನೋಡಲಿಲ್ಲ. ಅವಳು ಬಂದಿದ್ದಾಳೆ ಎಂದು ಅಪ್ಪ ಹೇಳಲೂ ಇಲ್ಲ. ಅಜ್ಜಿಗೆ ಬಾಯಿಗೆ ಬೀಗ ಹಾಕಿ ಅಭ್ಯಾಸವಿರಲಿಲ್ಲ. ಬಂದ ಶುಕ್ರವಾರವೇ ಕ್ಲಾಸೆಟ್ಟಿನ ದೀಪಗಳನ್ನು ಹೊರಗೆ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಊಟದ ಮೇಜಿನ ಮೇಲೆ ಇಟ್ಟಳು. ಅಪ್ಪ ಎದ್ದು ಕಿಟಕಿಯ ಬ್ಲೈಂಡ್ಸ್ ಇಳಿಸಿದ. ದೀಪ ಕಂಡರೆ ಪೊಲೀಸರು ಹಿಡೀತಾರೇನು ಈ ಊರಾಗ ಎಂದು ಅವಳು ಕೇಳಿದಳು. ಅಮ್ಮ ನಕ್ಕಳು, ಅಪ್ಪ ನಗಲಿಲ್ಲ. ಆ ಒಂದು ವರ್ಷ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಓದಿಸಿದಳು, ತಪ್ಪಿದರೆ ತಲೆಗೆ ಮೊಟಕಿದಳು. ತೆಂಗಿನ ಹಾಲು ಹಾಕಿದ ಮೀನಿನ ಸಾರು, ಜೋಳದ ರೊಟ್ಟಿ ಮಾಡಿದಳು. ಮನೆ ಎಂಬುದು ಮನೆಯ ಹಾಗೆ ಕಂಡದ್ದು ಆಗ ಮಾತ್ರ.

ಆ ಚಳಿಗಾಲದಲ್ಲಿ ಅಪ್ಪನಿಗೆ ಕೋವಿಡ್ ಹತ್ತಿತು, ಆಸ್ಪತ್ರೆ ಸೇರಿದ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಮ್ಮ ಫೋನು ಕೈಯಲ್ಲಿ ಹಿಡಿದೇ ಮಲಗುತ್ತಿದ್ದಳು. ಆ ದಿನಗಳಲ್ಲಿ ಪ್ರಸನ್ನ ಅಂಕಲ್ ದಿನಾ ನಮ್ಮ ಬಾಗಿಲ ಹೊರಗೆ ಅನ್ನ, ಸಾರು, ಪಲ್ಯದ ಡಬ್ಬಿಗಳನ್ನಿಟ್ಟು, ದೂರ ಹೋಗಿ ನಿಂತು ಫೋನು ಮಾಡುತ್ತಿದ್ದರು. ಇದನ್ನು ಬರೆಯದೆ ಹೋದರೆ ಆ ಮನುಷ್ಯನಿಗೆ ಅನ್ಯಾಯವಾಗುತ್ತದೆ. ಅವರ ಸಾರು ತಿಂದುಕೊಂಡೇ ಅಜ್ಜಿ ಹರಕೆ ಹೊತ್ತಳು. ಮಗ ಬದುಕಿ ಬಂದರೆ ಪ್ರವಾದಿ ಎಲಿಯಾಹುವಿಗೆ ಮಲಿದಾ ಒಪ್ಪಿಸುವುದು. ಮಲಿದಾ ಎಂದರೆ ನಮ್ಮ ಜನ ಬಿಟ್ಟರೆ ಬೇರೆ ಯಹೂದಿಗಳು ಕಣ್ಣಲ್ಲೂ ನೋಡದ ಸಂಗತಿ. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ, ಗೋಡಂಬಿ, ದ್ರಾಕ್ಷಿ ಬೆರೆಸಿ ದೊಡ್ಡ ತಟ್ಟೆಯಲ್ಲಿ ಗುಡ್ಡೆ ಹಾಕಿ, ಸುತ್ತ ಹಣ್ಣುಗಳನ್ನೂ ಗುಲಾಬಿಯನ್ನೂ ಇಟ್ಟು, ಮನೆಗೆ ಬಾ ಎಂದು ಎಲಿಯಾಹುವನ್ನು ಕರೆದು ಹಾಡಿ, ಬಂದವರಿಗೆಲ್ಲ ಹಂಚುವುದು.

ಅಪ್ಪ ಬದುಕಿ ಬಂದ. ಕೋಲು ಹಿಡಿದು ನಡೆಯುವಷ್ಟು ಸೊರಗಿದ್ದ. ಅವನು ಚೇತರಿಸಿಕೊಂಡು ಎಲ್ಲರಿಗೂ ಲಸಿಕೆ ಆಗುವತನಕ ಅಜ್ಜಿ ತಡೆದಳು, ಆಮೇಲೆ ಪಟ್ಟು ಹಿಡಿದಳು. ಆ ವರ್ಷ ಅವಳಿಗೆ ಬೇಕಾಗಿದ್ದು ಅದೊಂದೇ: ಮಗನ ಮನೆಯಲ್ಲಿ, ಮುಂದಿನ ಬಾಗಿಲು ತೆರೆದು, ನಾಲ್ಕು ಜನರನ್ನು ಕರೆದು, ಇದು ಎಲಿಯಾಹುವಿನ ಹರಕೆ, ಇವಳು ನನ್ನ ತಾಯಿ ಎಂದು ಮಗನೇ ಹೇಳಿ ಹಂಚಬೇಕು. ಅಪ್ಪ ಮಲಿದಾಕ್ಕೆ ಒಪ್ಪಿದ, ಬಾಗಿಲಿಗೆ ಒಪ್ಪಲಿಲ್ಲ. ಒಂದು ವಾರ ಮನೆಯಲ್ಲಿ ಅದೇ ಜಗಳ. ಅಪ್ಪ ಆಫೀಸು ಅಂದ, ಕಾಲ ಸರಿಯಿಲ್ಲ ಅಂದ, ಪ್ರಸನ್ನನಿಗೆ ಈಗ ಹೇಳಿದರೆ ಇಷ್ಟು ವರ್ಷ ಮೋಸ ಮಾಡಿದೆ ಅಂತಾನೆ ಅಂದ. ಕೊನೆಯದೇ ನಿಜವಾದ ಕಾರಣ ಎಂದು ನಮಗೆಲ್ಲ ಗೊತ್ತಿತ್ತು.

“ಎಲಿಯಾಹು ಏನ್ ಕಳ್ಳ ಬಂದಂಗ ಹಿತ್ತಲಾಗಿಂದ ಬರಬೇಕೇನೋ?” ಎಂದಳು ಅಜ್ಜಿ.

ಹಿತ್ತಲಿನಿಂದಲೇ ಎಂದು ತೀರ್ಮಾನವಾಯಿತು. ಒಂದು ಭಾನುವಾರ ಬೆಳಿಗ್ಗೆ ಹಿತ್ತಲಿನ ಪ್ಯಾಟಿಯೊ ಕಡೆಯ ಗಾಜಿನ ಬಾಗಿಲನ್ನು ಒಂದಾಳು ಹೋಗುವಷ್ಟು ಸರಿಸಿ, ಅಪ್ಪ ಅಜ್ಜನ ಟೋಪಿ ಹಾಕಿಕೊಂಡು, ಪಿಸುದನಿಯಲ್ಲಿ ಹಾಡು ಸುರು ಮಾಡಿದ. ಅಜ್ಜಿ ಮಾತ್ರ ಗಂಟಲೆತ್ತಿ ಹಾಡಿದಳು. ಬಿಳಿ ಸೀರೆ ಉಟ್ಟಿದ್ದಳು, ಮುಖ ಬೆಳಗುತ್ತಿತ್ತು. ಹಾಡು ಮುಗಿದು ಅಜ್ಜಿ ಅಡಿಗೆಮನೆಗೆ ಬಟ್ಟಲು ತರಲು ಹೋದಾಗ ಡೋರ್‌ಬೆಲ್ ಆಯಿತು. ಪ್ರಸನ್ನ ಅಂಕಲ್ ಬರುತ್ತಿದ್ದೇವೆ ಎಂದು ಮೆಸೇಜು ಹಾಕಿದ್ದರು. ಅಪ್ಪನ ಫೋನು ಒಳಗೆ ಚಾರ್ಜಿಗಿತ್ತು. ಲಸಿಕೆಯಾದ ಮೇಲೆ ಮೊದಲ ಸಲ ಗೆಳೆಯನನ್ನು ಕಣ್ಣಾರೆ ನೋಡಲು ಗಂಡ ಹೆಂಡತಿ ಬಂದಿದ್ದರು. ಅಪ್ಪ ಟೋಪಿ ಕಿತ್ತು ಜೇಬಿಗೆ ತುರುಕಿದ. ಅಡಿಗೆಮನೆಯ ಕಡೆ ತಿರುಗಿ, ಅವ್ವಾ ಸ್ವಲ್ಪ ಒಳಗೇ ಇರು ಎಂದು ತಗ್ಗಿದ ದನಿಯಲ್ಲಿ ಹೇಳಿದ. ಆಮೇಲೆ ಬಾಗಿಲು ತೆಗೆದ. ಅಂಕಲ್ ಅಪ್ಪನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಆಂಟಿಯ ಕಣ್ಣು ಮಾತ್ರ ನೇರವಾಗಿ ಮೇಜಿನ ಮೇಲಿನ ತಟ್ಟೆಗೆ ಹೋಯಿತು. ಏನು ವಿಶೇಷ ಎಂದರು. ಅಪ್ಪ ಒಂದು ಗಳಿಗೆಯೂ ತಡೆಯದೆ, ಹುಷಾರಾಗಿದ್ದಕ್ಕೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆವು ಎಂದ. ಅಮ್ಮ ನೆಲ ನೋಡಿದಳು. ಆಂಟಿ ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು, ಎಲಿಯಾಹುವಿನ ತಟ್ಟೆಗೆ ಭಕ್ತಿಯಿಂದ ಕೈ ಮುಗಿದರು. ಆಮೇಲೆ ಸ್ವಲ್ಪ ಬಗ್ಗಿ ನೋಡಿದರು.

“ಸತ್ಯನಾರಾಯಣನಿಗೆ ಅವಲಕ್ಕಿನಾ ಶ್ಯಾಮ್? ರವೆ ಹುರಿದು ಸಪಾದ ಅಲ್ವಾ ಮಾಡೋದು?”

ಇಷ್ಟು ವರ್ಷ ಹಿಂದೂಗಳ ನಡುವೆ ಹಿಂದೂವಾಗಿ ಓಡಾಡಿದ ನಮ್ಮಪ್ಪನಿಗೆ, ಕರ್ನಾಟಕದ ಮಕ್ಕಳಿಗೂ ಗೊತ್ತಿರುವ ಆ ಪ್ರಸಾದ ಗೊತ್ತಿರಲಿಲ್ಲ. ಆಂಟಿಯ ದನಿಯಲ್ಲಿ ಅನುಮಾನವೇನೂ ಇರಲಿಲ್ಲ, ಅಡಿಗೆಯ ಕುತೂಹಲ ಅಷ್ಟೇ. ಕಲಶ ಎಲ್ಲಿ ಇಟ್ಟಿದ್ರಿ ಎಂದರು. ಅಂಕಲ್ ನಗುತ್ತ, ಕಥೆ ಓದಿದ್ದು ಯಾರು, ಪುರೋಹಿತರು ಜೂಮ್‌ನಲ್ಲಿ ಬಂದಿದ್ದರಾ ಎಂದರು. ಅಪ್ಪ ತಟ್ಟೆಯ ಸುತ್ತಲಿನ ಹಣ್ಣುಗಳನ್ನು ಅತ್ತಿತ್ತ ಸರಿಸತೊಡಗಿದ. ಆಗ ಅಡಿಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದಿದ್ದಳು. ಈಗ ಎಲ್ಲ ಹೇಳಿಬಿಡುತ್ತಾಳೆ ಅಂದುಕೊಂಡೆ. ಹೇಳಲಿ, ಮುಗಿದುಹೋಗಲಿ ಎಂದೂ ಅಂದುಕೊಂಡೆ.

“ತಪ್ಪು ನಂದ್ರೀ ಬಾಯಾರ. ನಾ ಇವರ ಮನ್ಯಾಗ ಅಡಿಗಿ ಮಾಡಾಕಿ. ಸಾಹೇಬ್ರು ರವಾ ಹುರಿ ಅಂದಿದ್ರು. ವಯಸ್ಸಾತು, ಮರತು ಅವಲಕ್ಕಿ ನೆನಸಿಬಿಟ್ಟೆ.”

ಸಾಹೇಬ್ರು ಅನ್ನುವಾಗ ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಆಗ ಹೇಳಬಹುದಿತ್ತು. ಒಂದೇ ಮಾತು. ಅವನು ಜೇಬಿನಲ್ಲಿದ್ದ ಟೋಪಿಯನ್ನು ಹೊರಗಿನಿಂದಲೇ ಒತ್ತಿ ಹಿಡಿದುಕೊಂಡು ನಿಂತ. ಅಮ್ಮ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಂಕಲ್ ಏನೂ ಗಮನಿಸದೆ, ಪರವಾಗಿಲ್ಲ ಬಿಡಿ ಅಮ್ಮ, ದೇವರಿಗೆ ಯಾವುದಾದರೇನು ಎಂದು ಸಮಾಧಾನ ಹೇಳಿದರು. ಆಂಟಿ ಮಾತ್ರ ಅಜ್ಜಿಯ ಮುಖವನ್ನೂ ಅಪ್ಪನ ಮುಖವನ್ನೂ ನೋಡಿದರು. ಅದೇ ಅಗಲ ಹಣೆ, ಅದೇ ಕೂಡು ಹುಬ್ಬು, ಬೇರೆ ಸಾಕ್ಷಿ ಯಾಕೆ ಬೇಕು? ರೆಡೊಂಡೊ ಬೀಚಿನಲ್ಲಿ ಮನೆಯಲ್ಲಿ ಅಡಿಗೆಯವರನ್ನು ಇಟ್ಟುಕೊಂಡ ಎಂಜಿನಿಯರನ್ನು ಯಾರು ಕಂಡಿದ್ದಾರೆ? ಅಜ್ಜಿ ತಾನೇ ಬಟ್ಟಲಿಗೆ ಮಲಿದಾ ಹಾಕಿ ಅವರಿಬ್ಬರಿಗೆ ಕೊಟ್ಟಳು, ಅಪ್ಪನಿಗೂ ಕೊಟ್ಟಳು, ತಗೋರಿ ಸಾಹೇಬ್ರ ಎಂದಳು. ಎಲ್ಲರೂ ಕಣ್ಣಿಗೊತ್ತಿಕೊಂಡು ತಿಂದರು. ಹೊರಡುವಾಗ ಆಂಟಿ ಅಡಿಗೆಮನೆಗೆ ಹೋಗಿ, ಬರ್ತೀನಮ್ಮಾ ಎಂದು ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅಡಿಗೆಯವಳ ಕಾಲಿಗೆ ಯಾರೂ ಬೀಳುವುದಿಲ್ಲ. ಅವರಿಗೆ ಗೊತ್ತಾಗಿದೆ ಎಂದು ನಮಗೆ ತಿಳಿಯಿತು. ನಮ್ಮ ದೇವರು ಯಾರು ಎಂದಲ್ಲ. ಈ ಮನೆಯಲ್ಲಿ ಮಗ ತಾಯಿಯನ್ನು ತಾಯಿ ಅನ್ನುವುದಿಲ್ಲ ಎಂದು.

ಕಾರು ಹೋದ ಮೇಲೆ ನಾನು ಅಡಿಗೆಮನೆಗೆ ಹೋಗಿ ಜಗಳಕ್ಕೇ ನಿಂತೆ. ಹಾಗೆ ಯಾಕೆ ಹೇಳಿದೆ, ನಮ್ಮ ಮಾನ ಯಾಕೆ ಕಳೆದೆ ಎಂದು ಕೇಳಿದೆ. ಅಜ್ಜಿ ಬಟ್ಟಲು ತೊಳೆಯುತ್ತ, ನನ್ನ ಕಡೆ ತಿರುಗದೆ, ಅದುವರೆಗೆ ಮಗನಿಗೂ ಹೇಳದಿದ್ದ ಮಾತು ಹೇಳಿದಳು. ಅವಳ ಅಪ್ಪ ರೈಲ್ವೆ ಗಾರ್ಡ್. ಆಗ ಮುಂಬಯಿಯಲ್ಲಿ ಬಗ್ದಾದಿನಿಂದ ಬಂದ ಸಿರಿವಂತ ಯಹೂದಿಗಳಿದ್ದರು. ಅವರಿಗೆ ಇಂಗ್ಲಿಷರ ಸಾಲಿನಲ್ಲಿ ಕೂರುವ ಆಸೆ, ಹಾಗಾಗಿ ಕರಿಯರಾದ ನಮ್ಮವರನ್ನು ಪ್ರಾರ್ಥನೆ ನಡೆಯಲು ಬೇಕೇಬೇಕಾದ ಹತ್ತು ಗಂಡಸರ ಲೆಕ್ಕದಲ್ಲಿ ಕೆಲವರು ಎಣಿಸುತ್ತಲೂ ಇರಲಿಲ್ಲ. ಮುತ್ತಜ್ಜ ಮುಂಬಯಿಗೆ ಹೋಗಿ ಆ ಅವಮಾನ ತಿಂದು ಬಂದವನು, ನಾನೂ ಅವರ ಪೈಕಿಯೇ, ಬಗ್ದಾದಿನವನೇ ಎಂದು ರೈಲ್ವೆಯ ಇಂಗ್ಲಿಷ್ ಸಾಹೇಬನ ಮುಂದೆ ಹೇಳಿಕೊಂಡ. ಬಣ್ಣ ಸ್ವಲ್ಪ ತಿಳಿ ಇತ್ತು, ನಂಬಿದರು. ಗೋರರ, ಅಂದರೆ ಬಿಳಿಯರ, ಸಾಲಿನ ದೊಡ್ಡ ಕ್ವಾರ್ಟರ್ಸ್ ಕೊಡುವುದಾಗಿ ಹೇಳಿದರು. ಒಂದು ದಿನ ಆ ಸಾಹೇಬ ಮನೆ ನೋಡಲು ಬಂದ. ಅಜ್ಜಿಯ ಅವ್ವ ಕಪ್ಪಗಿದ್ದಳು, ಒಂಬತ್ತು ಗಜದ ಸೀರೆ ಉಟ್ಟು ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದಳು.

“ಸಾಹೇಬ ನನ್ನನ್ನ ಕೇಳಿದ, ಆಕಿ ಯಾರು ಅಂತ. ಅಪ್ಪ ಮೊದಲ ಹೇಳಿಕೊಟ್ಟಿದ್ದ. ಆಯಾ ಅಂದೆ. ಸಣ್ಣಾಕಿ ಇದ್ದೆ ನಾ, ಖುಷೀಲೆ ಅಂದೆ. ನಮ್ಮವ್ವ ಎದ್ದು ಸಾಹೇಬಗ ಸಲಾಮ್ ಮಾಡಿದಳು. ಕ್ವಾರ್ಟರ್ಸ್ ಸಿಕ್ತು. ಗೋರೆ ಮಂದಿ ದೇಶ ಬಿಟ್ಟು ಹೋದ ಮ್ಯಾಲೂ ಅವ್ವ ಆ ಮನೀ ಮುಂದಿನ ಬಾಗಲಿಗೆ ಬರಲಿಲ್ಲ.”

ಅಪ್ಪ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದ. ತಪ್ಪಾಯಿತು ಅವ್ವಾ, ಮತ್ತೆ ಮಾಡೋಣ, ಎಲ್ಲರನ್ನೂ ಕರೆಯೋಣ ಎಂದ. ಅಜ್ಜಿ ಬೈಯಲಿಲ್ಲ. ಇವತ್ತಿನದು ಲೆಕ್ಕಕ್ಕಿಲ್ಲ, ಬೇರೆಯವರ ಹೆಸರಲ್ಲಿ ಹಂಚಿದ್ದು ಹರಕೆಯಾಗುವುದಿಲ್ಲ ಎಂದಳು. ಪ್ರಸನ್ನನಿಗೆ ಫೋನು ಮಾಡಿ ನಾವು ಯಾರು, ನಾನು ಯಾರು ಎಂದು ಹೇಳು, ನಾನು ಮತ್ತೆ ಅವಲಕ್ಕಿ ನೆನೆಸುತ್ತೇನೆ ಎಂದಳು. ಅಪ್ಪ ಆಯಿತು ಎಂದ. ಮುಂದಿನ ಭಾನುವಾರ ಬೆಳಿಗ್ಗೆ ಅಜ್ಜಿ ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು, ಅವಲಕ್ಕಿ ನೆನೆಸಿ, ಕಾಯಿ ತುರಿದಳು. ಅಪ್ಪ ಫೋನು ಹಿಡಿದು ಪ್ಯಾಟಿಯೊಗೆ ಹೋದ. ಗಾಜಿನ ಆಚೆ ಅವನು ನಗುವುದು, ಕೈ ಆಡಿಸುವುದು ಕಾಣುತ್ತಿತ್ತು. ಕಾರಿನ ಇನ್ಶೂರೆನ್ಸ್ ಬಗ್ಗೆ ಮಾತಾಡಿ ಒಳಗೆ ಬಂದ. ಅಜ್ಜಿ ಅವನ ಮುಖ ನೋಡಿ, ಏನೂ ಕೇಳದೆ, ಕಾಯಿತುರಿಯನ್ನು ಫ್ರಿಜ್ಜಿಗಿಟ್ಟು, ಅವಲಕ್ಕಿಗೆ ಈರುಳ್ಳಿ, ಹಸಿಮೆಣಸು ಹಾಕಿ ಒಗ್ಗರಣೆ ಕೊಟ್ಟಳು. ನಾವು ತಿಂದೆವು. ಅದರ ಮುಂದಿನ ಭಾನುವಾರವೂ ಅಷ್ಟೇ. ವಿಮಾನದ ಟಿಕೆಟು ಸಿಗುವವರೆಗೆ ನಮ್ಮ ಮನೆಯಲ್ಲಿ ಭಾನುವಾರಗಳು ಹೀಗೇ ನಡೆದವು. ಒಗ್ಗರಣೆ ಅವಲಕ್ಕಿ ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಪ್ರಸನ್ನ ಅಂಕಲ್ ಮನೆಯವರು ಆಮೇಲೂ ಒಳ್ಳೆಯವರಾಗಿಯೇ ಇದ್ದರು. ನಿಮ್ಮ ಮನೆಯ ಆ ಅಮ್ಮ ಹೇಗಿದ್ದಾರೆ ಎಂದು ಆಂಟಿ ನನ್ನನ್ನು ಕೇಳುತ್ತಿದ್ದರು. ಚೆನ್ನಾಗಿದ್ದಾರೆ ಎನ್ನುತ್ತಿದ್ದೆ.

ಅಜ್ಜಿ ಹೊರಟ ದಿನ ಲಾಸ್ ಏಂಜಲಿಸ್ ವಿಮಾನ ನಿಲ್ದಾಣದಲ್ಲಿ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕೌಂಟರಿಗೆ ಕರೆದುಕೊಂಡು ಹೋದೆವು. ಇವರ ಜೊತೆ ಗೇಟಿನವರೆಗೆ ಯಾರು ಹೋಗುತ್ತೀರಿ ಎಂದಷ್ಟೇ ಕೌಂ‍ಟರಿನ ಹೆಂಗಸು ಕೇಳಿದ್ದು. ಅಪ್ಪ ನೆಟ್ಟಗೆ ನಿಂತು, ಇವರು ನನ್ನ ತಾಯಿ, ನಾನು ಇವರ ಮಗ ಎಂದು ಇಂಗ್ಲಿಷಿನಲ್ಲಿ ದೊಡ್ಡ ದನಿಯಲ್ಲಿ ಹೇಳಿದ. ಹಿಂದಿನ ಸಾಲಿನವರು ತಿರುಗಿ ನೋಡುವಷ್ಟು ದೊಡ್ಡ ದನಿ. ಆ ಹೆಂಗಸು ಏನೂ ಅರ್ಥವಾಗದೆ, ಸರಿ ಎಂದು ತಲೆಯಾಡಿಸಿದಳು. ಅಪ್ಪನ ಕಣ್ಣು ತುಂಬಿತ್ತು. ಏನಂದ ಅವ ಎಂದು ಅಜ್ಜಿ ನನ್ನನ್ನು ಕೇಳಿದಳು. ಹೇಳಿದೆ. ಅವಳು ಸುತ್ತ ನಿಂತ ಜನರನ್ನೆಲ್ಲ ನಿಧಾನವಾಗಿ ನೋಡಿದಳು. ಒಂದಾದರೂ ಗುರುತಿನ ಮುಖ ಇರಲಿಲ್ಲ.

“ನಮ್ಮನ್ನ ಬಲ್ಲವರು ಯಾರೂ ಇಲ್ಲಲ್ಲ ಇಲ್ಲಿ, ಅದಕ್ಕ ಬಾಯಿ ಬಂತು ನಿನಗ.”

ಅಪ್ಪ ಅವಳ ಪಾಸ್‌ಪೋರ್ಟನ್ನು ಕೈಚೀಲದಲ್ಲಿಟ್ಟು, ಜಿಪ್ ಎಳೆದು, ಕುರ್ಚಿ ತಳ್ಳತೊಡಗಿದ. ಎರಡು ವರ್ಷದ ಮೇಲೆ ಹುಬ್ಬಳ್ಳಿಯಲ್ಲಿ ಅಜ್ಜಿ ತೀರಿಕೊಂಡಳು. ಹರಕೆ ಇನ್ನೂ ತೀರಿಲ್ಲ.